ಜೇಬಕ್ಕ ಕೇಳದೇ ಬಿಟ್ಟದ್ದು

ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ ಎರಡನೆಯ ಕಟ್ಟಡದ ಕೆಳಮಹಡಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ. ಮುಂದೆ ಗಾಜಿನ ಬಾಗಿಲು, ಉದ್ದನೆಯ ಕೌಂಟರು, ಅದರ ಹಿಂದೊಂದು ಪರದೆ. ಪರದೆಯ ಆಚೆ ಆವಿ, ಯಂತ್ರದ ಸದ್ದು, ಮೂಗಿಗೇರುವ ದ್ರಾವಣದ ವಾಸನೆ. ಅಲ್ಲಿ ಒಂದು ಮೇಜಿನ ಮುಂದೆ ನಿಂತು, ತೊಳೆಯಲು ಬಂದ ಬಟ್ಟೆಗಳ ಜೇಬು ತಡಕುವುದು ಅವಳ ಕೆಲಸ. ಹದಿಮೂರು ವರ್ಷದಿಂದ ಅದೇ. ಇಸ್ತ್ರಿಯವನು ತಮಾಷೆಗೆ ಜೇಬಕ್ಕ ಎಂದು ಕರೆದದ್ದು ಹಾಗೆಯೇ ನಿಂತುಹೋಯಿತು. ಈಗ ಅವಳ ಗಂಡನ ತಂಗಿಯೂ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಕೂಗುತ್ತಾಳೆ.

ಜನ ಜೇಬಿನಲ್ಲಿ ಏನೇನು ಮರೆಯುತ್ತಾರೆ ಎನ್ನುವುದು ಅವಳಿಗೆ ಗೊತ್ತಿರುವಷ್ಟು ಅವರವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ಬಸ್ ಟಿಕೆಟ್ಟು, ಬೀಗದ ಕೈ, ಕರಗಿ ಅಂಟಿದ ಚಾಕಲೇಟು, ಮಗುವಿನ ಹಾಲುಹಲ್ಲು, ಬರೆದು ಕೊಡದೇ ಉಳಿಸಿಕೊಂಡ ಕಾಗದ. ಒಮ್ಮೆ ಒಂದು ಇಡೀ ಹಲ್ಲಿನ ಸೆಟ್ಟು. ಸಿಕ್ಕಿದ್ದನ್ನು ಕಂದುಬಣ್ಣದ ಸಣ್ಣ ಲಕೋಟೆಗೆ ಹಾಕಬೇಕು, ಮೇಲೆ ನಂಬರು ಬರೆಯಬೇಕು, ಬಟ್ಟೆ ಇಸ್ತ್ರಿಯಾದ ಮೇಲೆ ಅದಕ್ಕೇ ಪಿನ್ನು ಚುಚ್ಚಿ ಹಿಂದಿರುಗಿಸಬೇಕು. ಕೇಳುವಂತಿಲ್ಲ, ಹೇಳುವಂತಿಲ್ಲ, ಕೊಡುವಾಗ ಮುಖದಲ್ಲಿ ಏನೂ ಕಾಣಿಸುವಂತಿಲ್ಲ. ಅವಳಿಗಿಂತ ಮೊದಲು ಆ ಮೇಜಿನಲ್ಲಿದ್ದವಳು ಒಂದು ಕೋಟಿನಲ್ಲಿ ಸಿಕ್ಕ ಒಂಟಿ ಓಲೆಯನ್ನು ಗಿರಾಕಿಯ ಹೆಂಡತಿಯ ಕೈಗೇ ಕೊಟ್ಟು, ಇದರ ಜೋಡಿ ಎಲ್ಲಿ ಎಂದು ನಗುತ್ತಾ ಕೇಳಿದ್ದಳಂತೆ. ಓಲೆ ಆ ಹೆಂಡತಿಯದಾಗಿರಲಿಲ್ಲ. ಆ ಸಂಸಾರ ಅಲ್ಲಿಗೇ ಒಡೆಯಿತು. ಅಂದಿನಿಂದ ಅಂಗಡಿಯ ಯಜಮಾನಿ ಹೊಸಬರಿಗೆ ಮೊದಲ ದಿನವೇ ಹೇಳುವ ಮಾತೊಂದಿದೆ: ನಾವು ತೊಳೆಯೋರು, ವಿಚಾರಣೆ ಮಾಡೋರಲ್ಲ.

ಜೇಬಕ್ಕನ ಕೈಗೆ ಈ ನಿಯಮ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ತಲೆಯನ್ನು ಕೇಳದೆಯೇ ನಡೆಯುತ್ತಿತ್ತು.

ಹೋದ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ, ಒಂದು ಸೋಮವಾರ ಬೆಳಿಗ್ಗೆ, ಮನೆಯಲ್ಲಿ ಗಂಡನ ಕೆಲಸದ ಪ್ಯಾಂಟು ನೆನೆಸುವ ಮುಂಚೆ ಅವಳು ಜೇಬಿಗೆ ಕೈ ಹಾಕಿದಳು. ಗಂಡ ಗಾಜಿನ ಮೇಸ್ತ್ರಿ. ಹೊಸ ಕಟ್ಟಡಗಳ ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನು. ಅವನ ಜೇಬಿನಲ್ಲಿ ಸಾಮಾನ್ಯವಾಗಿ ಸೀಸದ ಕಡ್ಡಿ, ಅಳತೆ ಗೀಚಿದ ಚೀಟಿ, ಗಾಜಿನ ಅಂಚಿಗೆ ಮೆತ್ತುವ ಪುಟ್ಟಿಯ ಒಣಗಿದ ಉಂಡೆ ಇರುತ್ತಿದ್ದವು. ಆ ದಿನ ತೆಳುಕಾಗದದ ಪೊಟ್ಟಣವೊಂದು ಸಿಕ್ಕಿತು. ಒಳಗೆ ಒಣಗಿದ ಹಸಿರು ಸೊಪ್ಪು. ಗಾಂಜಾ. ವಾಸನೆಯಲ್ಲೇ ಗೊತ್ತಾಯಿತು. ಕಾಲೇಜು ಹುಡುಗರ ಜಾಕೆಟ್ಟಿನಿಂದ ಹಿಡಿದು ಬಹಳ ಗಂಭೀರ ಮುಖದ ವಕೀಲರೊಬ್ಬರ ಕೋಟಿನವರೆಗೆ ಅವಳು ಅದನ್ನು ಕಂಡಿದ್ದಳು, ಲಕೋಟೆಗೆ ಹಾಕಿದ್ದಳು.

ಈಗಲೂ ಹಾಕಿದಳು. ಚೀಲದಲ್ಲಿ ಅಂಗಡಿಯ ನಾಲ್ಕಾರು ಲಕೋಟೆಗಳು ಯಾವಾಗಲೂ ಇರುತ್ತಿದ್ದವು. ಪೊಟ್ಟಣ ಒಳಗೆ ಹೋಯಿತು, ಮೇಲೆ ನಂಬರು ಬಿತ್ತು, ಸಂಜೆ ಮಡಿಸಿಟ್ಟ ಪ್ಯಾಂಟಿಗೆ ಪಿನ್ನು ಚುಚ್ಚಿಯಾಯಿತು. ಅವನೇ ಹೇಳುತ್ತಾನೆ, ಇವತ್ತಲ್ಲದಿದ್ದರೆ ನಾಳೆ, ಅಂದುಕೊಂಡಳು. ಮರುದಿನ ಅವನು ಪ್ಯಾಂಟು ಹಾಕಿಕೊಂಡು ಏನೂ ಹೇಳದೆ ಕೆಲಸಕ್ಕೆ ಹೋದ. ಕಸದ ಬುಟ್ಟಿಯಲ್ಲಿ ಖಾಲಿ ಲಕೋಟೆ ಬಿದ್ದಿತ್ತು.

ಆಮೇಲೆ ವಾರಕ್ಕೊಮ್ಮೆ ಪೊಟ್ಟಣ ಸಿಗುವುದು, ವಾರಕ್ಕೊಮ್ಮೆ ಅವಳು ಲಕೋಟೆ ಕಟ್ಟುವುದು ರೂಢಿಯಾಯಿತು.

ಮೊದಲ ಎರಡು ತಿಂಗಳು ಅವಳಿಗೆ ದೂರಲು ಕಾರಣವೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ತೆಳ್ಳಗಾಗುತ್ತಾ ಬಂದಿದ್ದ ಏನೋ ಒಂದು ಮತ್ತೆ ತುಂಬಿಕೊಂಡಂತಿತ್ತು. ಅವನು ಅವಸರ ಮರೆತಿದ್ದ. ಅವಳ ಬೆನ್ನಿನ ಮೇಲೆ ಅಂಗೈ ಇಟ್ಟರೆ ಅದನ್ನು ತೆಗೆಯುವುದೇ ಗೊತ್ತಿಲ್ಲದವನಂತೆ ಇಟ್ಟುಕೊಂಡಿರುತ್ತಿದ್ದ. ಕಿವಿಯ ಹಿಂದಿನ ಮಚ್ಚೆಯನ್ನು ಈಗಷ್ಟೇ ಕಂಡವನಂತೆ ಮುಟ್ಟುತ್ತಿದ್ದ. ಬೆಳಿಗ್ಗೆ ಅಂಗಡಿಯಲ್ಲಿ ಅವಳು ಗುನುಗುವುದನ್ನು ಕೇಳಿ ಇಸ್ತ್ರಿಯವನು, ಏನಕ್ಕಾ, ಯಾರದೋ ಜೇಬಲ್ಲಿ ಹಾಡು ಸಿಕ್ಕಿದೆ, ಅದಕ್ಕೂ ಲಕೋಟೆ ಹುಡುಕು ಎಂದು ರೇಗಿಸಿದ್ದ.

ಆಮೇಲೆ ಅದು ಇಳಿಯಿತು. ಒಂದೇ ದಿನ ಇಳಿಯಲಿಲ್ಲ, ತೊಟ್ಟಿಯ ನೀರು ಇಳಿಯುವ ಹಾಗೆ ಇಳಿಯಿತು. ಸಂಜೆ ಬಂದವನೇ ಸೇದಲು ತಾರಸಿಗೆ ಹೋಗುತ್ತಿದ್ದ. ಕೆಳಗೆ ಬಂದು ಎರಡರಷ್ಟು ಊಟ ಮಾಡುತ್ತಿದ್ದ. ಟೀವಿಯಲ್ಲಿ ಹವಾಮಾನ ವರದಿ ನೋಡಿ ನಗುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಕೈ ಹಿಡಿದರೆ ಆ ಕೈಯನ್ನು ಎರಡು ಸಲ ತಟ್ಟಿ ವಾಪಸ್ಸು ಅವಳ ಮಡಿಲಿಗೇ ಇಡುತ್ತಿದ್ದ. ಒಳ್ಳೆಯವನಂತೆಯೇ ಇದ್ದ, ಜಗಳವಿಲ್ಲ, ಕೂಗಾಟವಿಲ್ಲ. ಆದರೆ ಅವಳ ಪಾಲಿಗೆ ಅವನು, ಇದ್ದವರು ಬಾಗಿಲು ತೆರೆದಿಟ್ಟು ಎಲ್ಲೋ ಹೋಗಿರುವ ಮನೆಯಂತಿದ್ದ. ಎರಡು ಸಲ ಅವನೇ ಹತ್ತಿರ ಬಂದ. ಎರಡು ಸಲವೂ ದೇಹ ಒಪ್ಪಲಿಲ್ಲ. ಸುಸ್ತು ಎಂದು ಗೋಡೆಗೆ ಮುಖ ಮಾಡಿದ. ಮೂರನೆಯ ಸಲ ಎಂಬುದು ಬರಲಿಲ್ಲ. ಬೆನ್ನುನೋವು ಎಂದು ಹೇಳಿ ಮುಂದಿನ ಕೋಣೆಯ ಸೋಫಾಕ್ಕೆ ದಿಂಬು ಒಯ್ದ.

ಗಾಂಜಾಕ್ಕೂ ಇದಕ್ಕೂ ಸಂಬಂಧ ಇರಬಹುದೆಂದು ಅವಳಿಗೆ ತೋಚಲಿಲ್ಲ. ಅದರಿಂದಲೇ ಅಲ್ಲವೇ ಮೊದಲು ಚೆನ್ನಾಗಿದ್ದದ್ದು? ಹಾಗಾಗಿ ಕಾರಣವನ್ನು ತನ್ನ ಮೈಯಲ್ಲೇ ಹುಡುಕಿದಳು. ನಲವತ್ತೊಂದು ವರ್ಷ. ಹೊಟ್ಟೆಯ ಮೇಲೆ ಮಡಿಕೆ. ಎಲ್ಲಕ್ಕಿಂತ ಹೆಚ್ಚಾಗಿ ಆ ವಾಸನೆ: ಕೂದಲಿಗೂ ಬೆರಳಿನ ಸಂದಿಗೂ ಹಿಡಿದ ಅಂಗಡಿಯ ದ್ರಾವಣದ ವಾಸನೆ. ಯಾವ ಗಂಡಸು ತಾನೇ ಅದನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾನೆ ಎಂದು ತೀರ್ಮಾನಿಸಿ ದಿನಕ್ಕೆರಡು ಸಲ ಸ್ನಾನ ಶುರು ಮಾಡಿದಳು. ಹೊಸ ಸೋಪು ತಂದಳು, ಕೂದಲಿಗೆ ನಿಂಬೆರಸ ತಿಕ್ಕಿದಳು. ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ನಾದಿನಿಗೆ ಪೈಪಿನಲ್ಲಿ ಇಳಿಯುವ ನೀರಿನ ಸದ್ದೆಲ್ಲ ಕೇಳುತ್ತಿತ್ತು.

"ಏನತ್ತಿಗೆ, ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಮೈನೂ ಅಂಗಡಿ ಬಟ್ಟೆ ಅನ್ಕೊಂಡ್ಯಾ? ಬಣ್ಣ ಬಿಡುತ್ತೆ ನೋಡು," ಎಂದಳು ಒಂದು ದಿನ ಮೆಟ್ಟಿಲ ಬುಡದಲ್ಲಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

ಜೇಬಕ್ಕ ನಕ್ಕಳು. ಮೇಲೆ ಬಂದು ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತಳು.

ಚಳಿ ಶುರುವಾಗುವ ಹೊತ್ತಿಗೆ ಅವಳು ನಿರ್ಧಾರ ಮಾಡಿಯಾಗಿತ್ತು. ಅವಳ ಅಕ್ಕ ಇನ್ನೊಂದು ಊರಿನಲ್ಲಿದ್ದಳು, ಒಂಟಿ. ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಪಕ್ಕದ ಬೀದಿಯಲ್ಲಿ ಒಂದು ಲಾಂಡ್ರಿಯೂ ಇತ್ತು. ಬೇಡವಾದವಳು ಎಂದು ದಿನಾ ಅನ್ನಿಸಿಕೊಳ್ಳುವುದಕ್ಕಿಂತ ದೂರ ಇರುವುದು ಮೇಲು ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದಳು. ಯಾರು ಹಾಗಂದದ್ದು ಎಂದು ಅಕ್ಕ ಕೇಳಿದಳು. ಯಾರೂ ಅಂದಿರಲಿಲ್ಲ. ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಯಜಮಾನಿಗೂ ತಿಳಿಸಿದಳು. ಯಜಮಾನಿ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಸರಿ ಎಂದಳು. ತನ್ನದೇ ನಿಯಮ, ಕಾರಣ ಕೇಳಲಿಲ್ಲ.

ಗಂಡನಿಗೆ ಹೇಳಿದ್ದು ಒಂದು ಶನಿವಾರ ಮಧ್ಯಾಹ್ನ. ಅವನಿಗೆ ಆ ದಿನ ಅರ್ಧ ದಿನದ ಕೆಲಸ. ಅಡುಗೆಮನೆಯ ಮೇಜಿನ ಮುಂದೆ ಕೂತು ಉಗುರಿನ ಸಂದಿಯ ಪುಟ್ಟಿಯನ್ನು ಬೆಂಕಿಕಡ್ಡಿಯಿಂದ ತೆಗೆಯುತ್ತಿದ್ದ. ಇನ್ನೂ ತಾರಸಿಗೆ ಹೋಗಿರಲಿಲ್ಲ, ಕಣ್ಣು ಸ್ವಚ್ಛವಾಗಿತ್ತು. ಅದಕ್ಕೇ ಆ ಹೊತ್ತನ್ನು ಆರಿಸಿಕೊಂಡಿದ್ದಳು. ಅಕ್ಕನ ಮನೆಗೆ ಹೋಗುತ್ತೇನೆ ಎಂದಳು. ಎಷ್ಟು ದಿನಕ್ಕೆ ಎಂದು ಕೇಳಿದ. ದಿನದ ಲೆಕ್ಕ ಅಲ್ಲ ಎಂದಳು.

ಅವನು ಕಡ್ಡಿಯನ್ನು ಮೇಜಿನ ಮೇಲಿಟ್ಟ.

"ನನಗೆ ಗೊತ್ತಿತ್ತು," ಎಂದ. "ಮೊದಲನೇ ಲಕೋಟೆ ಕೊಟ್ಟ ದಿನವೇ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ನಿನಗೆ ನಾನು ಸಾಕಾಗಿದೀನಿ ಅಂತ. ನಾನು ಬೇಕಾಗಿದ್ರೆ ನೀನು ಅದನ್ನ ಬಿಸಾಕ್ತಿದ್ದೆ, ಬೈತಿದ್ದೆ, ತಲೆ ಮೇಲೆ ನೀರು ಸುರೀತಿದ್ದೆ. ನೀನು ಪ್ಯಾಂಟು ಮಡಿಸಿ, ಪಿನ್ನು ಹಾಕಿ, ವಾಪಸ್ ಕೊಟ್ಟೆ. ತಗೋ, ಸೇದು, ಒಂದು ಮೂಲೆಲಿ ಬಿದ್ದಿರು, ನನ್ನ ತಂಟೆಗೆ ಬರಬೇಡ ಅಂದ ಹಾಗಿತ್ತು. ಮೇಲೆ ನಂಬರ್ ಬೇರೆ."

"ಯಾವ ನಂಬರು?"

"ಹನ್ನೊಂದು. ಮೊದಲನೇದರ ಮೇಲೆ ಹನ್ನೊಂದು ಅಂತ ಬರೆದಿದ್ದೆ. ಗಿರಾಕಿ ನಂಬರ್ ಹನ್ನೊಂದು. ಉಳಿದ ಹತ್ತು ಜನ ಯಾರು ಅಂತ ಒಂದು ವಾರ ತಲೆ ಕೆಡಿಸಿಕೊಂಡಿದೀನಿ."

ಹನ್ನೊಂದು ಅವರ ಮನೆಯ ನಂಬರು. ಬಾಗಿಲ ಮೇಲೆ ಅವನೇ ಗಾಜಿನ ಮೇಲೆ ಕೊರೆದು ಕೂರಿಸಿದ್ದ ನಂಬರು. ಲಕೋಟೆಯ ಮೇಲೆ ಏನಾದರೂ ಬರೆಯದೆ ಅವಳ ಕೈಗೆ ಸಮಾಧಾನವಿಲ್ಲವಾದ್ದರಿಂದ ತೋಚಿದ್ದನ್ನು ಬರೆದಿತ್ತು. ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುತ್ತಲೇ ಅಳು ಬಂತು, ಅಳುತ್ತಲೇ ಅಂಗಡಿಯ ನಿಯಮ ಹೇಳಿದಳು. ಕೇಳಬಾರದು ಅಂತ ಕೇಳಲಿಲ್ಲ, ಅಷ್ಟೇ. ಎಂಟು ತಿಂಗಳಿನಿಂದ ಕೇಳಬೇಕು ಅನ್ನಿಸುತ್ತಲೇ ಇತ್ತು, ಕೈ ಮಾತ್ರ ಲಕೋಟೆ ಹುಡುಕುತ್ತಿತ್ತು.

"ಹಾಗಾದ್ರೆ ಈಗ ಕೇಳು," ಎಂದ ಅವನು.

ಕೇಳಿದಳು. ಅವನು ಹೇಳಿದ. ಆ ಬೇಸಿಗೆಗೆ ಸ್ವಲ್ಪ ಮುಂಚೆ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಬಾಗಿಲಿನಷ್ಟು ಎತ್ತರದ ಗಾಜು ಅವನ ಕೈಯಿಂದ ಜಾರಿತ್ತಂತೆ. ಕೆಳಗೆ ಯಾರೂ ಇರಲಿಲ್ಲ. ಐದು ನಿಮಿಷ ಮುಂಚೆ ಇದ್ದರು, ಟೀಗೆ ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಒಂದು ತಿಂಗಳು ಕಣ್ಣು ಮುಚ್ಚಿದರೆ ಆ ಸದ್ದು. ಅದನ್ನು ಮನೆಯಲ್ಲಿ ಹೇಳಿ ಅವಳನ್ನು ಯಾಕೆ ಹೆದರಿಸುವುದು ಎಂದು ಸುಮ್ಮನಿದ್ದ. ಜೊತೆ ಕೆಲಸದವನೊಬ್ಬ ಗಾಂಜಾ ತುಂಬಿದ ಸಿಗರೇಟು ಕೊಟ್ಟ. ನಿದ್ದೆ ಬಂತು. ನಿದ್ದೆಯ ಜೊತೆಗೆ ಇನ್ನೊಂದೂ ಬಂತು. ಅವಳನ್ನು ಮುಟ್ಟಿದರೆ ಬೇರೆಲ್ಲ ಸದ್ದು ನಿಂತುಹೋಗುತ್ತಿತ್ತು, ಹೊತ್ತು ಉದ್ದವಾಗುತ್ತಿತ್ತು. ಇದು ಮದ್ದು ಎಂದೇ ತಿಳಿದ. ಸಂಜೆಗೆ ಒಂದಿದ್ದದ್ದು ಎರಡಾಯಿತು, ಕೆಲಸ ಮುಗಿದ ಕೂಡಲೇ ಇನ್ನೊಂದು ಬೇಕಾಯಿತು. ಒಂದು ದಿನ ನೋಡಿದರೆ ದೇಹ ಮಾತು ಕೇಳುತ್ತಿಲ್ಲ. ಹೆದರಿಕೆಯಾಯಿತು. ಹೆದರಿಕೆಗೂ ಅದನ್ನೇ ಹೊತ್ತಿಸಿದ.

"ಹೊತ್ತಿಸಿದ್ರೆ ಹೆದರಿಕೆ ಹೋಗ್ತಿತ್ತು," ಎಂದ. "ಆಸೆನೂ ಹೋಗ್ತಿತ್ತು. ಹೋಯ್ತು ಅಂತ ಬೇಜಾರೂ ಆಗ್ತಿರಲಿಲ್ಲ. ಅದೇ ಕೆಟ್ಟದ್ದು."

ಅವಳು ಮೈ ವಾಸನೆಯ ವಿಷಯ ಎತ್ತಿದಾಗ ಅವನಿಗೆ ಅರ್ಥವೇ ಆಗಲಿಲ್ಲ. ಎರಡು ಸಲ ವಿವರಿಸಬೇಕಾಯಿತು. ಕೊನೆಗೆ ಅವನು ಮೇಜಿನ ಆಚೆಯಿಂದ ಬಗ್ಗಿ ಅವಳ ಕೈ ಮೂಸಿ, ಇದು ವಾಸನೆಯೇ? ಇದು ಮನೆ, ಎಂದ. ತನ್ನದೇ ಮಾತಿಗೆ ನಾಚಿ ಎದ್ದು ನೀರು ಕುಡಿಯಲು ಹೋದ. ಆ ಸಂಜೆ ಅವನು ತಾರಸಿಗೆ ಹೋಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೋದ. ಆದರೆ ಅವಳೂ ಜೊತೆಗೆ ಹೋಗಿ ನೀರಿನ ಟ್ಯಾಂಕಿಗೆ ಒರಗಿ ಕೂತಳು. ಅರ್ಧ ಸೇದಿ ಆರಿಸಿದ.

ಸೋಮವಾರ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ವಯಸ್ಸಿನಲ್ಲಿ ಜೇಬಕ್ಕನಿಗಿಂತ ಚಿಕ್ಕವಳು. ಮೇಸ್ತ್ರಿ ಚಪ್ಪಲಿಯನ್ನೇ ನೋಡುತ್ತಾ ನಿದ್ದೆಯ ವಿಷಯ ಹೇಳಿದ, ಬೆನ್ನಿನ ವಿಷಯ ಹೇಳಿದ, ಮತ್ತೆ ನಿದ್ದೆಯ ವಿಷಯ ಹೇಳಿದ. ಉಳಿದದ್ದನ್ನು ಜೇಬಕ್ಕ ಹೇಳಿದಳು. ಹದಿಮೂರು ವರ್ಷ ಬಾಯಿ ಕಟ್ಟಿಕೊಂಡು ಕೆಲಸ ಮಾಡಿದವಳು, ಅಪರಿಚಿತ ಹೆಂಗಸಿನ ಮುಂದೆ ತನ್ನ ಹಾಸಿಗೆಯ ವಿಷಯ ಅಷ್ಟು ಸರಾಗವಾಗಿ ಹೇಳಿದ್ದು ಅವಳಿಗೇ ಆಶ್ಚರ್ಯ.

ಡಾಕ್ಟರಮ್ಮ ಬೈಯಲಿಲ್ಲ, ನಗಲಿಲ್ಲ. ಇಂಥ ಮಾತು ವಾರಕ್ಕೊಬ್ಬರಾದರೂ ಹೇಳುತ್ತಾರೆ ಎಂದಳು. ಶುರುವಿನಲ್ಲಿ, ಸ್ವಲ್ಪ ಸೇದಿದಾಗ, ಮುಟ್ಟುವುದು ಹೆಚ್ಚು ಹಿತವಾಗುತ್ತದೆ ಎನ್ನುವವರು ಬಹಳ ಜನ. ದಿನಾ, ಹೆಚ್ಚು ಹೆಚ್ಚು ಸೇದಿದಾಗ ಕೆಲವರಿಗೆ ಅದೇ ಉಲ್ಟಾ ಆಗುತ್ತದೆ, ಆಸೆ ಕುಂದುತ್ತದೆ, ದೇಹ ಸಹಕರಿಸುವುದಿಲ್ಲ. ಎಲ್ಲರಿಗೂ ಹೀಗೇ ಎಂದು ಗೆರೆ ಎಳೆದು ಹೇಳಲು ಆಗುವುದಿಲ್ಲ, ಓದಿದವರಲ್ಲೇ ಒಮ್ಮತವಿಲ್ಲ. ಹೆದರಿಕೆ, ನಿದ್ದೆಗೇಡು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಇವೂ ಅದೇ ಕೆಲಸ ಮಾಡುತ್ತವೆ. ಅದಕ್ಕೆ ರಕ್ತ ಪರೀಕ್ಷೆಗೆ ಬರೆದುಕೊಟ್ಟಳು. ಸೇದುವುದು ನಿಲ್ಲಿಸಿ ನೋಡಿ, ಮೊದಲ ಎರಡು ವಾರ ಕಷ್ಟ, ಸಿಟ್ಟು ಬರುತ್ತದೆ, ಬೆವರುತ್ತದೆ, ವಿಚಿತ್ರ ಕನಸು ಬೀಳುತ್ತದೆ, ತಡೆಯಲಾಗದಿದ್ದರೆ ಇಲ್ಲಿಗೆ ಬನ್ನಿ ಎಂದಳು. ಆ ಗಾಜಿನ ಸದ್ದಿನ ಬಗ್ಗೆ ಮಾತಾಡಲು ಬೇರೊಬ್ಬರ ಹೆಸರೂ ಬರೆದುಕೊಟ್ಟಳು.

ಎದ್ದು ನಿಂತ ಮೇಲೆ ಮೇಸ್ತ್ರಿ ಬಾಗಿಲ ಹತ್ತಿರ ತಿರುಗಿದ.

"ಡಾಕ್ಟ್ರೇ, ಹೋಗಿದ್ದು ವಾಪಸ್ ಬರುತ್ತಾ?"

"ಭಾಷೆ ಕೊಡಕ್ಕಾಗಲ್ಲ. ಆದ್ರೆ ನೀವು ಹೇಳಿದ್ದು ಕೇಳಿದ್ರೆ, ಬರೋ ಸಾಧ್ಯತೆನೇ ಜಾಸ್ತಿ. ಒಂದು ಮಾತು, ಇವತ್ತು ಬಂತಾ, ನಾಳೆ ಬಂತಾ ಅಂತ ದಿನಾ ಪರೀಕ್ಷೆ ಮಾಡಬೇಡಿ. ಸುಮ್ನೆ ಪಕ್ಕದಲ್ಲಿ ಮಲಗಿ."

ಹೊರಗಿನ ಕಲ್ಲುಬೆಂಚಿನ ಮೇಲೆ ಅವನು ಧೊಪ್ಪನೆ ಕೂತ. ನಾಲ್ಕನೆಯ ಮಹಡಿಯಿಂದ ಯಾರೋ ಕೈ ಹಿಡಿದು ಇಳಿಸಿದ ಹಾಗಿತ್ತು ಅವನ ಮುಖ. ಎದುರಿನ ಬೇಕರಿಯಿಂದ ಬನ್ನು ತರಿಸಿಕೊಂಡು ಎರಡು ತಿಂದ, ಮೂರನೆಯದನ್ನು ಅವಳಿಗೆ ಕೊಟ್ಟ.

ಮುಂದಿನ ವಾರಗಳು ಸಲೀಸಾಗಿರಲಿಲ್ಲ. ಬಾಗಿಲು ಜೋರಾಗಿ ಹಾಕಿಕೊಂಡದ್ದಕ್ಕೆ ಸಿಟ್ಟು, ಟೀ ಬಿಸಿಯಾಗಿದ್ದಕ್ಕೆ ಸಿಟ್ಟು, ಟೀ ಆರಿದ್ದಕ್ಕೆ ಸಿಟ್ಟು. ಹಾಸಿಗೆಯ ಹೊದಿಕೆಯನ್ನು ದಿನ ಬಿಟ್ಟು ದಿನ ಒಗೆಯಬೇಕಾಗುತ್ತಿತ್ತು. ಬೆವರಿನ ಕಲೆಗೆ ಯಾವ ಪುಡಿ, ಎಷ್ಟು ಬಿಸಿನೀರು ಎಂಬ ವಿಷಯದಲ್ಲಿ ಮಾತ್ರ ಜೇಬಕ್ಕನಿಗೆ ಯಾರ ಸಲಹೆಯೂ ಬೇಕಿರಲಿಲ್ಲ. ನಿಲ್ಲಿಸಿದ ಹತ್ತನೆಯ ದಿನ ಅವನು ಸೋತ. ಸೇದಿ ಬಂದು, ಅವಳು ಮುಖ ನೋಡಿ ಊಹಿಸುವ ಮುಂಚೆಯೇ ಬಾಗಿಲಲ್ಲಿ ನಿಂತು ಹೇಳಿದ. ಅವಳು ಎಲ್ಲಿ, ಯಾರ ಜೊತೆ, ಎಷ್ಟು, ಯಾಕೆ ಎಂದು ಕೇಳಿದಳು. ನೀನು ಕೇಳದೇ ಇದ್ದಾಗಲೇ ಸುಖವಾಗಿತ್ತು ಮಾರಾಯ್ತಿ ಎಂದು ಗೊಣಗಿದ. ಗೊಣಗುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟ. ದಿಂಬು ಆ ವಾರ ಸೋಫಾದಿಂದ ಒಳಕೋಣೆಗೆ ವಾಪಸ್ಸು ಬಂತು.

ರಕ್ತದ ವರದಿಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಮೂರನೆಯ ವಾರ ಅವನು ಹೊಗೆಯಿಲ್ಲದೆ ಆರು ಗಂಟೆ ನಿದ್ದೆ ಮಾಡಿದ. ಗಾಜು ಬೀಳುವ ಕನಸು ಬಿತ್ತಂತೆ, ಆದರೆ ಕನಸಿನಲ್ಲಿ ಅದು ಒಡೆಯುವ ಮುಂಚೆ ಎಚ್ಚರವಾಯಿತಂತೆ. ಅದನ್ನು ಅವನು ದೊಡ್ಡ ಸುದ್ದಿಯಂತೆ ಅವಳನ್ನು ಎಬ್ಬಿಸಿ ಹೇಳಿದ.

ತಿಂಗಳ ಕೊನೆ ಬಂತು. ಅವಳು ಕೌಂಟರಿನ ಮುಂದೆ ನಿಂತು, ನಾನು ಬಿಡುವುದಿಲ್ಲ ಅಂದುಕೊಂಡಿದ್ದೇನೆ, ಬೇರೆ ಯಾರನ್ನಾದರೂ ಗೊತ್ತು ಮಾಡಿದ್ದೀರಾ ಎಂದು ತಡವರಿಸಿದಳು. ಯಜಮಾನಿ ರಸೀದಿ ಹರಿಯುತ್ತಾ, ನಾನು ಹುಡುಕಿದ್ದರೆ ತಾನೇ ಎಂದಳು. ಇಸ್ತ್ರಿಯವನು ಆವಿಯ ಹಿಂದಿನಿಂದ, ಅಕ್ಕ ಹೋದರೆ ನನ್ನ ಜೇಬು ಯಾರು ನೋಡಬೇಕು ಎಂದ. ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದ್ದು ಹೆಚ್ಚು ಕಷ್ಟವಾಯಿತು. ಆ ಕೋಣೆಗೆ ಅವಳು ಸುಣ್ಣ ಬಳಿಸಿದ್ದಳು, ಹೊಸ ಪರದೆ ಹಾಕಿದ್ದಳು. ಅದನ್ನು ಹೇಳಿ, ಅವನು ನಿನ್ನ ಮಾತಾಡಿಸುತ್ತಿದ್ದಾನಾ ಎಂದು ಕೇಳಿದಳು. ವಿಪರೀತ ಮಾತಾಡಿಸುತ್ತಿದ್ದಾನೆ ಎಂದು ಜೇಬಕ್ಕ ಹೇಳಿದಳು. ಪರದೆ ನನಗೇ ಆಗುತ್ತೆ ಬಿಡು ಎಂದು ಅಕ್ಕ ಫೋನು ಇಟ್ಟಳು.

ಡಾಕ್ಟರಮ್ಮನ ಮಾತಿನಂತೆ ಅವರು ಸುಮ್ಮನೆ ಪಕ್ಕದಲ್ಲಿ ಮಲಗುತ್ತಿದ್ದರು. ಕೆಲವು ದಿನ ಅವನ ಅಂಗೈ ಅವಳ ಬೆನ್ನಿನ ಮೇಲಿರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಇಲ್ಲದ ದಿನ ಅವಳು ಯಾಕೆ ಎಂದು ಕೇಳುತ್ತಿದ್ದಳು, ಅವನು ಇವತ್ತು ಆರು ಕಿಟಕಿ ಎತ್ತಿದ್ದೇನೆ ಎನ್ನುತ್ತಿದ್ದ. ಆಗ ಅವಳ ಕೈ ಅವನ ಭುಜಕ್ಕೆ ಹೋಗುತ್ತಿತ್ತು. ಮೊದಲಿನಂತೆ ಹೊತ್ತು ಉದ್ದವಾಗುತ್ತಿರಲಿಲ್ಲ. ಗಡಿಯಾರದ ಹೊತ್ತೇ ಅದು, ಅದರಲ್ಲಿ ಅವನು ಪೂರ್ತಿಯಾಗಿ ಇರುತ್ತಿದ್ದ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಊಟವಾಗಿ, ಕಿಟಕಿಯ ಬೆಳಕು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಅವಳು ಎರಡನೆಯ ಸ್ನಾನ ಮಾಡಿರಲಿಲ್ಲ. ಅದನ್ನು ಬಿಟ್ಟು ಬಹಳ ದಿನವಾಗಿತ್ತು. ಅವನು ಅವಳ ಕಡೆ ತಿರುಗಿ, ಬೆನ್ನಿನ ಮೇಲೆ ಅಂಗೈ ಇಟ್ಟು ಹತ್ತಿರ ಎಳೆದುಕೊಂಡ. ಹೋಗಿದ್ದು ವಾಪಸ್ಸು ಬಂದಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಅವನ ಮುಖದಲ್ಲಿ ಒಂದು ಕ್ಷಣ ಹಳೆಯ ಹೆದರಿಕೆ ಬಂದು, ನಿಂತು, ಹೋಯಿತು. ಅದು ಹೋಗುವುದನ್ನು ಅವಳು ಕಣ್ಣಾರೆ ಕಂಡಳು.

ಆ ಹೊತ್ತಿಗೇ ಹೊರಗೆ ಅಕಾಲದ ಹನಿ ಬೀಳತೊಡಗಿತು. ತಾರಸಿಯ ತಂತಿಯ ಮೇಲೆ ವಾರದ ಬಟ್ಟೆಯೆಲ್ಲ ಒಣಗಿ ನೇತಾಡುತ್ತಿತ್ತು. ಕೆಳಗಿನಿಂದ ನಾದಿನಿ, ಅತ್ತಿಗೆ, ಮಳೆ, ಬಟ್ಟೆ ಎಂದು ಕೂಗಿದಳು. ಉತ್ತರ ಬರದಿದ್ದಕ್ಕೆ ಜೇಬಕ್ಕಾ ಎಂದು ಕೂಗಿದಳು. ಅದಕ್ಕೂ ಉತ್ತರವಿಲ್ಲ. ಮೆಟ್ಟಿಲು ಹತ್ತುವ ಸದ್ದು ಬಾಗಿಲವರೆಗೆ ಬಂದು ನಿಂತಿತು, ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಬಂದದ್ದಕ್ಕಿಂತ ಮೆಲ್ಲಗೆ ಇಳಿದುಹೋಯಿತು.

"ಬಟ್ಟೆ," ಎಂದ ಅವನು.

"ನೆನೀಲಿ," ಎಂದಳು ಅವಳು.